ಕಿಡಿಯ ಮೇಲೊಂದು ಕಡಿವಾಣ

ಹರಿಶ್ಚಂದ್ರ ಘಾಟಿನ ಮಗ್ಗುಲಲ್ಲೇ ಇರುವ ಕರ್ನಾಟಕ ಘಾಟಿನ ಮೆಟ್ಟಿಲಿಳಿದು, ಗಂಗೆಯಲ್ಲಿ ಮಿಂದು, ಬಾಡಿಗೆಯ ದೋಣಿಯೊಂದನ್ನೇರಿ ಹೊಳೆಯ ಹರಿವಿನ ಜೊತೆಗೇ ಉತ್ತರಾಭಿಮುಖವಾಗಿ ಸಾಗತಕ್ಕ ಕನ್ನಡದ ಯಾತ್ರಿಕನು, ಅಷ್ಟು ಹೊತ್ತಿನೊಳಗೆ ಅಗ್ನಿಯ ಎಷ್ಟು ರೂಪಗಳನ್ನು ಕಾಣುತ್ತಾನೆಂದು ಎಣಿಸಿ ನೋಡಿದರೆ ವಿಸ್ಮಯವಾಗುತ್ತದೆ. ಹರಿಶ್ಚಂದ್ರ ಘಾಟಿನ ಚಿತೆ, ಕೇದಾರನ ಸನ್ನಿಧಿಯ ಕರ್ಪೂರ, ದಶಾಶ್ವಮೇಧದ ಸಂಜೆಯಾರತಿಯ ಅಂತಸ್ತಂತಸ್ತಿನ ದೀಪಗಳು, ಎಲೆಯ ದೊನ್ನೆಯಲ್ಲಿ ತೇಲಿಬಿಟ್ಟ ಹಣತೆ, ಮಣಿಕರ್ಣಿಕೆಯಲ್ಲಿ ಹಗಲಿರುಳೆನ್ನದೆ ಉರಿಯುವ ಸೌದೆಯ ರಾಶಿ: ಇವೆಲ್ಲವನ್ನೂ ದಾಟಿ ರಾಜಘಾಟಿನ ಮಾಳವೀಯ ಸೇತುವೆಯ ಸಮೀಪಕ್ಕೆ ಬಂದರೆ, ಹಿಂದೆ ಖಿಡ್ಕಿಯಾ ಘಾಟ್ ಎಂದು ಹೆಸರಿದ್ದು ಈಗ ನಮೋ ಘಾಟ್ ಎನಿಸಿಕೊಂಡಿರುವ ದಂಡೆಯಲ್ಲಿ, ನೀರಿನ ಮೇಲೆಯೇ ತೇಲುವ ಜೆಟ್ಟಿಯೊಂದರಲ್ಲಿ ದೋಣಿಗಳಿಗೆ ಸಿಎನ್‌ಜಿ ತುಂಬುವ ಠಾವು ಎದುರಾಗುತ್ತದೆ. ಇಲ್ಲಿಯೂ ಅಗ್ನಿ ಇದೆ. ಆದರೆ ಅದು ಇನ್ನೂ ಹುಟ್ಟದ ಅಗ್ನಿ. ಅದು ಹುಟ್ಟಬೇಕಾದುದು ದೋಣಿಯ ಎಂಜಿನ್ನಿನೊಳಗೆ ಮಾತ್ರ. ಈ ಜೆಟ್ಟಿಯ ಮೇಲೆ ಹುಟ್ಟಕೂಡದು.

ನಾನು ಬಹುಕಾಲ ಕಾರ್ಖಾನೆಗಳ ಇನ್‌ಸ್ಟ್ರುಮೆಂಟ್ ವಿಭಾಗದಲ್ಲಿ ದುಡಿದವನಾದುದರಿಂದ, ಅಲ್ಲಿ ನಿಂತಾಗ ನನ್ನ ಕಣ್ಣು ಹೊಳೆಯ ಕಡೆಗೆ ಹೋಗಲಿಲ್ಲ; ಅನಿಲ ತುಂಬುವ ಯಂತ್ರದ ಕಡೆಗೆ ಹೋಯಿತು. ನಾವಿಕನೊಬ್ಬನು ದೋಣಿಯನ್ನು ಹಗ್ಗದಿಂದ ಬಿಗಿದು, ಎಂಜಿನ್ ಆರಿಸಿ, ಬೀಡಿಯನ್ನು ಕಿವಿಯ ಸಂದಿಯಲ್ಲಿಯೇ ಉಳಿಸಿಕೊಂಡು ಕಾದು ನಿಂತಿದ್ದನು. ಕೊಳವೆಯ ಮೂತಿಯನ್ನು ದೋಣಿಯ ಸಿಲಿಂಡರಿಗೆ ಜೋಡಿಸಿದೊಡನೆ ಸುಯ್ಯೆಂಬ ಸಣ್ಣ ಸದ್ದು ಹೊರಟು, ಯಂತ್ರದ ಗಾಜಿನ ಹಿಂದೆ ಅಂಕಿಗಳು ಓಡತೊಡಗಿದವು. ಸಿಲಿಂಡರು ತುಂಬಿದಾಗ ಒಳಗಣ ಒತ್ತಡವು ಸುಮಾರು 200 ಬಾರ್. ನಮ್ಮ ಸುತ್ತಲಿನ ಗಾಳಿಯ ಒತ್ತಡದ ಇನ್ನೂರರಷ್ಟು. ಆ ಒತ್ತಡವನ್ನು ಅಳೆಯುವುದೂ ವಿದ್ಯುತ್ತು, ಹರಿದ ಅನಿಲದ ತೂಕವನ್ನು ಲೆಕ್ಕ ಹಾಕುವುದೂ ವಿದ್ಯುತ್ತು, ಸಾಕೆಂದೊಡನೆ ಕವಾಟವನ್ನು ಮುಚ್ಚುವುದೂ ವಿದ್ಯುತ್ತು. ಉರಿಯುವ ಅನಿಲ ಮತ್ತು ಕಿಡಿಯನ್ನು ಹುಟ್ಟಿಸಬಲ್ಲ ವಿದ್ಯುತ್ತು ಒಂದೇ ಪೆಟ್ಟಿಗೆಯೊಳಗೆ, ಒಂದು ಮೊಳ ದೂರದಲ್ಲಿ, ವರ್ಷಾನುವರ್ಷ ಜಗಳವಿಲ್ಲದೆ ಬಾಳುವುದು ಹೇಗೆ ಸಾಧ್ಯವಾಯಿತೆಂಬುದನ್ನು ಓದುಗರಿಗೆ ತಿಳಿಸಬೇಕೆಂಬ ಆಸೆ ನನಗೆ ಆ ಬೆಳಗ್ಗೆಯೇ ಮೊಳೆಯಿತು.

ಈ ಅನಿಲವು ಕಾಶಿಗೆ ಹೊಸದು. 2016ರ ಅಕ್ಟೋಬರ್ 24ರಂದು ವಾರಾಣಸಿಯಲ್ಲಿ ಚಾಲನೆ ಪಡೆದ ಊರ್ಜಾ ಗಂಗಾ ಯೋಜನೆಯ ಫಲವಾಗಿ, ಜಗದೀಶಪುರದಿಂದ ಹಲ್ದಿಯಾ, ಬೊಕಾರೊ, ಧಾಮ್ರಾಗಳತ್ತ ಚಾಚುವ ಕೊಳವೆಮಾರ್ಗವು ಈ ನಗರಕ್ಕೂ ಒಂದು ಕವಲನ್ನು ನೀಡಿತು. ಗೇಲ್ ಸಂಸ್ಥೆಯು ಅದನ್ನು ಮನೆಗಳ ಅಡುಗೆಯ ಒಲೆಗೂ, ಆಟೋಗಳಿಗೂ, ಕಡೆಗೆ ದೋಣಿಗಳಿಗೂ ಮುಟ್ಟಿಸಿತು. ಡೀಸೆಲ್ಲಿನ ಹೊಗೆಯೂ ಅದರ ಕಿವಿಗಡಚಿಕ್ಕುವ ಸದ್ದೂ ಗಂಗೆಯ ಮೇಲಿನಿಂದ ತೊಲಗಲೆಂಬುದು ಉದ್ದೇಶ. ಉದ್ದೇಶ ಒಳ್ಳೆಯದೇ. ಕೊಳವೆಯಲ್ಲಿ ಹರಿಯುವುದು ಬಹುಪಾಲು ಮೀಥೇನ್. ಅದಕ್ಕೆ ಬಣ್ಣವಿಲ್ಲ, ಸ್ವಂತ ವಾಸನೆಯೂ ಇಲ್ಲ. ನಮ್ಮ ಮೂಗಿಗೆ ತಾಕುವ ಆ ಕೊಳೆತ ವಾಸನೆಯು ಸೋರಿಕೆ ಗೊತ್ತಾಗಲೆಂದು ಬೇಕೆಂತಲೇ ಬೆರೆಸಿದ್ದು. ಗಾಳಿಯೊಡನೆ ಅದು ನೂರಕ್ಕೆ 5ರಿಂದ 15 ಪಾಲಿನವರೆಗೆ ಬೆರೆತಾಗ ಮಾತ್ರ ಹೊತ್ತಿಕೊಳ್ಳುತ್ತದೆ. ಐದಕ್ಕಿಂತ ಕಡಿಮೆಯಾದರೆ ತೀರ ತೆಳುವು, ಹದಿನೈದನ್ನು ಮೀರಿದರೆ ಉರಿಯಲು ಬೇಕಾದ ಗಾಳಿಯೇ ಸಾಲದು. ಆದರೆ ದಟ್ಟವಾದುದು ಹರಡಿ ತೆಳುವಾಗುವಾಗ ಆ ಅಪಾಯದ ಪಟ್ಟಿಯನ್ನು ಹಾದೇ ಹೋಗಬೇಕಾದುದರಿಂದ, ಹೆಚ್ಚಿದೆಯೆಂದು ನಿಶ್ಚಿಂತರಾಗಿರಲು ಯಾರಿಗೂ ಸಾಧ್ಯವಿಲ್ಲ.

ಇನ್ನು ಅದನ್ನು ಹೊತ್ತಿಸಲು ಬೇಕಾದ ಕಿಡಿಯ ಪ್ರಮಾಣ. ಅತ್ಯಂತ ಅನುಕೂಲವಾದ ಮಿಶ್ರಣದಲ್ಲಿ ಮೀಥೇನಿಗೆ ಸಾಕಾಗುವ ಶಕ್ತಿಯು ಒಂದು ಜೌಲಿನ ಸಾವಿರದಲ್ಲೊಂದು ಪಾಲಿನ ಕಾಲುಭಾಗಕ್ಕಿಂತ ತುಸು ಹೆಚ್ಚು: 0.28 ಮಿಲಿಜೌಲ್. ಈ ಅಂಕಿ ಕೇಳಿದವರಿಗೆ ಏನೂ ಹೇಳುವುದಿಲ್ಲ. ಸಂಕಲ್ಪ ಮಾಡಿ ಬಿಡುವ ಅಕ್ಷತೆಯನ್ನು ನೆನೆಯಿರಿ. ನಿಂತವನ ಭುಜದೆತ್ತರದಿಂದ ನೆಲಕ್ಕೆ ಬಿದ್ದ ಒಂದೇ ಒಂದು ಅಕ್ಕಿಕಾಳು ನೆಲವನ್ನು ಮುಟ್ಟುವ ಕ್ಷಣದಲ್ಲಿ ತನ್ನೊಳಗೆ ಹೊತ್ತಿರುವ ಶಕ್ತಿ ಹೆಚ್ಚುಕಡಿಮೆ ಅಷ್ಟೇ. ಜಲಜನಕಕ್ಕೆ ಇಷ್ಟೂ ಬೇಡ. ಅರ್ಧ ಗೇಣಿನಿಂದ ಬಿದ್ದ ಕಾಳು ಸಾಕು. ಚಳಿಗಾಲದಲ್ಲಿ ಉಣ್ಣೆಯ ಶಾಲು ಕಳಚುವಾಗ ಬೆರಳ ತುದಿಯಲ್ಲಿ ಚಟ್ಟೆಂದು ಚುಚ್ಚುವ ಸಣ್ಣ ಕಿಡಿಯಲ್ಲಿ ಇದರ ಹಲವು ಪಟ್ಟು ಶಕ್ತಿಯಿರಬಹುದು. ಇಷ್ಟು ಮೃದುವಾದ ಆಹ್ವಾನಕ್ಕೇ ಎದ್ದು ಬರತಕ್ಕ ಅಗ್ನಿಯನ್ನು ಮಲಗಿಸಿಡುವುದೇ ಇಲ್ಲಿನ ಸಮಸ್ಯೆ.

ಅಪಾಯವು ಎಲ್ಲೆಡೆಯೂ ಒಂದೇ ಸಮನಾಗಿರುವುದಿಲ್ಲ. ನಮ್ಮ ದೇವಾಲಯಗಳಲ್ಲಿ ಗರ್ಭಗುಡಿ, ಸುಕನಾಸಿ, ನವರಂಗ ಎಂದು ಒಳಗಿನಿಂದ ಹೊರಕ್ಕೆ ಮಡಿಯು ಸಡಿಲಗೊಳ್ಳುತ್ತ ಹೋಗುವಂತೆ, ಇಂಥ ಸ್ಥಳಗಳನ್ನೂ ತಜ್ಞರು ಮೂರು ವಲಯಗಳಾಗಿ ವಿಭಾಗಿಸಿದ್ದಾರೆ. ಟ್ಯಾಂಕಿನ ಒಳಗಿನಂತೆ ಉರಿಯುವ ಮಿಶ್ರಣವು ಸದಾ ಅಥವಾ ಬಹುಕಾಲ ನೆಲೆಸಿರುವುದು ಸೊನ್ನೆಯ ವಲಯ. ಕೊಳವೆಯ ಬಾಯಿಯ ಸುತ್ತಿನಂತೆ ದಿನದ ಕೆಲಸದಲ್ಲಿ ಆಗಾಗ ಬರಬಹುದಾದುದು ಒಂದನೆಯ ವಲಯ. ಏನಾದರೂ ಕೆಟ್ಟಾಗ ಮಾತ್ರ, ಅದೂ ಅಲ್ಪಕಾಲ, ಬಂದು ಹೋಗುವುದು ಎರಡನೆಯ ವಲಯ. ಯಾವ ವಲಯದಲ್ಲಿ ಎಂಥ ವಿದ್ಯುತ್ ಸಾಧನವನ್ನು ಇಡಬಹುದು ಎಂಬುದಕ್ಕೆ ಭಾರತೀಯ ಮಾನಕಗಳಿವೆ. ಪೆಟ್ರೋಲಿಯಂ ಮತ್ತು ಅನಿಲದ ಸ್ಥಾವರಗಳಲ್ಲಿ ಅವುಗಳಿಗೆ ಒಪ್ಪಿಗೆ ಕೊಡುವ ಅಧಿಕಾರವು ನಾಗಪುರದಲ್ಲಿ ಕೇಂದ್ರ ಕಚೇರಿಯುಳ್ಳ ಪೆಸೊ ಎಂಬ ಸಂಸ್ಥೆಗಿದೆ.

ರಕ್ಷಣೆಯ ಹಳೆಯ ಉಪಾಯ ಕೋಟೆಯದು. ದಪ್ಪನೆಯ ಎರಕದ ಪೆಟ್ಟಿಗೆ, ಸುತ್ತಲೂ ಸಾಲುಸಾಲಾಗಿ ಬೋಲ್ಟುಗಳು. ಪೆಟ್ರೋಲ್ ಬಂಕಿನಲ್ಲಿ ಇದನ್ನು ನೀವೂ ಕಂಡಿದ್ದೀರಿ. ಫ್ಲೇಮ್‌ಪ್ರೂಫ್ ಎಂದು ಇದರ ಹೆಸರು. ಇದು ಅನಿಲವನ್ನು ಹೊರಗೇ ತಡೆಯುತ್ತದೆಂದು ಅನೇಕರು ತಿಳಿದಿರುತ್ತಾರೆ; ಹಾಗಲ್ಲ. ಅನಿಲವು ಒಳಹೊಕ್ಕೇ ಹೊಗುತ್ತದೆ, ಒಳಗೆ ಸ್ಫೋಟವೂ ಆದೀತು ಎಂದು ಮೊದಲೇ ಒಪ್ಪಿಕೊಂಡು, ಆ ಸ್ಫೋಟವನ್ನು ಒಡೆಯದೆ ತಾಳಿಕೊಳ್ಳುವಷ್ಟು ಗಟ್ಟಿಯಾಗಿ ಪೆಟ್ಟಿಗೆಯನ್ನು ಮಾಡಿ, ಮುಚ್ಚಳದ ಸಂದಿಯನ್ನು ಎಷ್ಟು ಕಿರಿದಾಗಿ, ಎಷ್ಟು ಉದ್ದವಾಗಿ ಇಟ್ಟಿರುತ್ತಾರೆಂದರೆ, ಜ್ವಾಲೆಯು ಅದರಲ್ಲಿ ನುಸುಳಿ ಹೊರಬರುವಷ್ಟರಲ್ಲಿ ಲೋಹಕ್ಕೆ ತನ್ನ ಬಿಸಿಯನ್ನೆಲ್ಲ ಕಳೆದುಕೊಂಡು ನಿಸ್ತೇಜವಾಗಿರುತ್ತದೆ. 1815ರಲ್ಲಿ ಹಂಫ್ರಿ ಡೇವಿಯು ಗಣಿಗಾರರ ದೀಪಕ್ಕೆ ಸಣ್ಣ ಕಣ್ಣಿನ ತಂತಿಬಲೆಯನ್ನು ಸುತ್ತಿದಾಗ ಬಳಸಿದ ತತ್ತ್ವವೂ ಇದೇ. ಮೋಟರು, ದೀಪ ಮೊದಲಾದ ಹೆಚ್ಚು ಶಕ್ತಿಯ ಸಾಧನಗಳಿಗೆ ಇಂದಿಗೂ ಇದೇ ಮಾರ್ಗ. ಆದರೆ ಕರೆಂಟು ಇರುವಾಗ ಮುಚ್ಚಳ ತೆರೆಯುವಂತಿಲ್ಲ. ತೆಗೆದ ಬೋಲ್ಟುಗಳಲ್ಲಿ ಒಂದನ್ನು ಹಾಕಲು ಮರೆತರೂ, ಸಂದಿಯ ನುಣುಪಾದ ಮುಖದ ಮೇಲೆ ಒಂದು ಗೀರು ಬಿದ್ದರೂ ಕೋಟೆಯ ಬಾಗಿಲು ತೆರೆದಂತೆಯೇ ಸರಿ.

ಎರಡನೆಯ ಉಪಾಯವು ಒಂದು ಗಂಟೆಯ ನಿಮಿತ್ತದಿಂದ ಹುಟ್ಟಿತೆಂಬುದನ್ನು, ಗಂಟೆಗಳ ನಾದದಲ್ಲೇ ಬೆಳಗಾಗುವ ಕಾಶಿಯಲ್ಲಿ ನೆನೆದಾಗ ಮನಸ್ಸಿಗೆ ಒಂದು ಬಗೆಯ ಕಳವಳವಾಗುತ್ತದೆ. ದಕ್ಷಿಣ ವೇಲ್ಸಿನ ಸೆಂಗೆನಿಥ್ ಎಂಬ ಊರಿನ ಕಲ್ಲಿದ್ದಲ ಗಣಿಯಲ್ಲಿ, ಅಂದಿನ ಇತರ ಗಣಿಗಳಲ್ಲಿದ್ದಂತೆಯೇ, ಸುರಂಗದುದ್ದಕ್ಕೂ ಎರಡು ಬೋಳುತಂತಿಗಳನ್ನು ಎಳೆದಿದ್ದರು. ಬಂಡಿ ಎಳೆಯುವ ಎಂಜಿನ್ನಿನವನಿಗೆ ನಿಲ್ಲು ಅಥವಾ ಹೊರಡು ಎಂದು ತಿಳಿಸಬೇಕಾದವನು ಎಲ್ಲಿದ್ದರೆ ಅಲ್ಲಿಂದಲೇ ಆ ಎರಡು ತಂತಿಗಳನ್ನು ಒಂದಕ್ಕೊಂದು ಮುಟ್ಟಿಸುತ್ತಿದ್ದನು. ದೂರದಲ್ಲಿ ಗಂಟೆ ಬಾರಿಸುತ್ತಿತ್ತು. ಕೆಲವೇ ಬ್ಯಾಟರಿಗಳ ವಿದ್ಯುತ್ತು. ಕೈಗೆ ತಾಗಿದರೂ ಶಾಕ್ ಹೊಡೆಯದಂಥದು. ಅದರಿಂದ ಕೇಡೇನೆಂದು ಎಲ್ಲರೂ ನಂಬಿದ್ದರು. 1913ರ ಅಕ್ಟೋಬರ್ 14ರ ಬೆಳಗ್ಗೆ, ಪಾಳಿಯ ಜನ ಕೆಳಗಿಳಿದು ಕೆಲಸ ಹಿಡಿದ ಸ್ವಲ್ಪ ಹೊತ್ತಿನಲ್ಲಿ ಗಣಿಯು ಸಿಡಿಯಿತು. 439 ಮಂದಿ ಸತ್ತರು. ಅವರನ್ನು ಉಳಿಸಹೋದವನೊಬ್ಬನೂ ಸತ್ತನು. ಮೊದಲ ಕಿಡಿ ಎಲ್ಲಿಂದ ಬಂದಿತೆಂಬುದು ವಿಚಾರಣೆಯಲ್ಲಿ ಖಂಡಿತವಾಗಿ ಇತ್ಯರ್ಥವಾಗಲಿಲ್ಲವಾದರೂ, ಆ ಗಂಟೆಯ ತಂತಿಗಳ ಮೇಲೆ ಬಲವಾದ ಸಂಶಯ ನಿಂತಿತು. ಗಣಿಯ ವ್ಯವಸ್ಥಾಪಕನಿಗೆ ನಿಯಮೋಲ್ಲಂಘನೆಗಾಗಿ ವಿಧಿಸಿದ ದಂಡ 24 ಪೌಂಡು. ಸತ್ತವರಿಗೆ ಹಂಚಿದರೆ ತಲೆಗೊಂದು ಷಿಲಿಂಗಿಗಿಂತ ಒಂದು ಪೆನ್ನಿ ಹೆಚ್ಚು. ಆ ಲೆಕ್ಕವನ್ನು ಆ ನಾಡು ಇಂದಿಗೂ ಮರೆತಿಲ್ಲ, ಮರೆಯಲೂಬಾರದು.

ಆ ಕಾಲದಲ್ಲಿ ಆರ್. ವಿ. ವ್ಹೀಲರ್ ಮತ್ತು ನ್ಯೂಕ್ಯಾಸಲ್ಲಿನ ಪ್ರಾಧ್ಯಾಪಕ ಡಬ್ಲ್ಯು. ಎಂ. ಥಾರ್ನ್‌ಟನ್ ಇಂಥ ಗಂಟೆಯ ಮಂಡಲಗಳನ್ನು ಪ್ರಯೋಗಾಲಯದಲ್ಲಿ ಕೂಲಂಕಷವಾಗಿ ಪರೀಕ್ಷಿಸಿ ಕಂಡುಕೊಂಡ ವಿಷಯ ಮಹತ್ತ್ವದ್ದು. ಅಪಾಯವಿದ್ದುದು ಬ್ಯಾಟರಿಯಲ್ಲಿ ಅಷ್ಟಾಗಿ ಅಲ್ಲ, ಗಂಟೆಯೊಳಗಣ ತಂತಿಸುರುಳಿಯಲ್ಲಿ. ಕರೆಂಟು ಹರಿಯುವಾಗ ಸುರುಳಿಯು ಕಾಂತಶಕ್ತಿಯನ್ನು ಕೂಡಿಡುತ್ತದೆ. ತಂತಿಗಳನ್ನು ಬಿಡಿಸಿದ ಕ್ಷಣದಲ್ಲಿ ಆ ಗಂಟನ್ನೆಲ್ಲ ಒಮ್ಮೆಗೇ ಕಿಡಿಯಾಗಿ ಚೆಲ್ಲುತ್ತದೆ. ಹಾಗಾದರೆ ಮಂಡಲದ ವೋಲ್ಟೇಜು, ಕರೆಂಟು ಮತ್ತು ಅದು ಕೂಡಿಟ್ಟುಕೊಳ್ಳಬಲ್ಲ ಶಕ್ತಿ, ಈ ಮೂರನ್ನೂ ಮೊದಲೇ ಮಿತಿಗೊಳಿಸಿಬಿಟ್ಟರೆ, ತಂತಿ ಕಡಿದರೂ, ಒಂದಕ್ಕೊಂದು ತಗುಲಿದರೂ, ಹುಟ್ಟುವ ಕಿಡಿಗೆ ಅನಿಲವನ್ನು ಹೊತ್ತಿಸುವ ತ್ರಾಣವೇ ಇರುವುದಿಲ್ಲ. ಕೋಟೆ ಬೇಡ, ಶತ್ರುವಿನ ಕೈಗೆ ಆಯುಧವನ್ನೇ ಕೊಡದಿದ್ದರಾಯಿತು. ಇಂಟ್ರಿನ್ಸಿಕ್ ಸೇಫ್ಟಿ ಎಂದು ಜಗತ್ತೆಲ್ಲ ಕರೆಯುವ ಈ ವಿಧಾನವನ್ನು ಕನ್ನಡದಲ್ಲಿ ಅಂತಸ್ಸುರಕ್ಷತೆ ಎನ್ನೋಣ. ಮನುಷ್ಯನ ಬುದ್ಧಿಯು ಯಂತ್ರಗಳಿಗೆ ಕಲಿಸಿದ ಸಂಯಮಗಳಲ್ಲಿ ಇದಕ್ಕಿಂತ ಸುಂದರವಾದುದನ್ನು ನಾನು ಕಾಣೆ.

ಈ ವಿದ್ಯೆಗೂ ಕಾಶಿಗೂ, ಕಾಶಿಯ ಮೂಲಕ ಮೈಸೂರಿಗೂ ಒಂದು ನಂಟುಂಟು. ಪಂಡಿತ ಮದನಮೋಹನ ಮಾಳವೀಯರು 1916ರಲ್ಲಿ ಸ್ಥಾಪಿಸಿದ ಹಿಂದೂ ವಿಶ್ವವಿದ್ಯಾಲಯದ ಮೊದಲ ಕುಲಾಧಿಪತಿಗಳು ನಾಲ್ವಡಿ ಕೃಷ್ಣರಾಜ ಒಡೆಯರು. ಆ ವಿಶ್ವವಿದ್ಯಾಲಯದಲ್ಲಿ 1923ರಷ್ಟು ಹಿಂದೆಯೇ ಗಣಿವಿದ್ಯೆಯ ಬೋಧನೆ ಆರಂಭವಾಗಿ, ಅಲ್ಲಿ ಕಲಿತವರು ಪೂರ್ವದಿಕ್ಕಿನ ಕಲ್ಲಿದ್ದಲ ಸೀಮೆಗೆ ಹೋಗಿ ನೆಲದಡಿಯಲ್ಲಿ ದುಡಿದರು. ಆ ಸೀಮೆಯ ಧೋರಿಯೆಂಬಲ್ಲಿ 1965ರ ಮೇ 28ರಂದು ಆದ ಸ್ಫೋಟದಲ್ಲಿ 268 ಮಂದಿ ಮಡಿದರು. ಇಂದು ದೇಶದಲ್ಲಿ ತಯಾರಾಗುವ ಫ್ಲೇಮ್‌ಪ್ರೂಫ್ ಹಾಗೂ ಅಂತಸ್ಸುರಕ್ಷಿತ ಸಾಧನಗಳನ್ನು ಪರೀಕ್ಷಿಸುವ ಪ್ರಮುಖ ಸಂಸ್ಥೆಯೂ ಅದೇ ಸೀಮೆಯ ಧನಬಾದಿನಲ್ಲಿದೆ.

ಪರೀಕ್ಷೆಯ ಯಂತ್ರ ನೋಡತಕ್ಕದ್ದು. ಒಂದು ಮುಚ್ಚಿದ ಕೋಶ, ಅದರಲ್ಲಿ ಅತ್ಯಂತ ಸುಲಭವಾಗಿ ಹೊತ್ತುವ ಪ್ರಮಾಣದಲ್ಲಿ ಬೆರೆಸಿದ ಅನಿಲ ಮತ್ತು ಗಾಳಿ. ಒಳಗೆ ಗೀಟುಗಳನ್ನು ಕೊರೆದ ಕ್ಯಾಡ್ಮಿಯಂ ಬಿಲ್ಲೆಯೊಂದು ತಿರುಗುತ್ತಿರುತ್ತದೆ. ಕೂದಲಿನಂಥ ಟಂಗ್‌ಸ್ಟನ್ ತಂತಿಗಳು ಅದರ ಮೇಲೆ ಉಜ್ಜುತ್ತ, ಮುಟ್ಟುತ್ತ ಬಿಡುತ್ತ, ನೂರಾರು ಸಲ ಕಿಡಿ ಹಾರಿಸುತ್ತವೆ. ಪರೀಕ್ಷೆಗೊಳಗಾದ ಮಂಡಲವು ಆ ಎಲ್ಲ ಕಿಡಿಗಳಲ್ಲಿ ಒಂದರಿಂದಲೂ ಅನಿಲವನ್ನು ಹೊತ್ತಿಸಕೂಡದು. ಒಮ್ಮೆ ಹೊತ್ತಿದರೂ ಅನುತ್ತೀರ್ಣ.

ಕಾರ್ಖಾನೆಯಲ್ಲಿ ಈ ಸಂಯಮದ ಕಾವಲುಗಾರನು ಬ್ಯಾರಿಯರ್ ಎಂಬ ಸಣ್ಣ ಸಾಧನ. ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದು. ಕಂಟ್ರೋಲ್ ರೂಮಿನ ಪ್ಯಾನೆಲ್ಲಿನಲ್ಲಿ ಸಾಲಾಗಿ ಕೂತಿರುತ್ತದೆ. ಒಂದು ಬದಿಯಲ್ಲಿ ನಿರಪಾಯ ಪ್ರದೇಶದ ತಂತಿಗಳು. ಇನ್ನೊಂದು ಬದಿಯಿಂದ ಅಪಾಯದ ವಲಯಕ್ಕೆ ಹೋಗುವ ನೀಲಿ ಹೊದಿಕೆಯ ಕೇಬಲ್ಲು. ಒಳಗಿರುವುದು ಮೂರೇ ಅಂಗ: ಫ್ಯೂಸು, ಝೀನರ್ ಡಯೋಡುಗಳು, ಒಂದು ರೆಸಿಸ್ಟರು. ನಮ್ಮ ಹಳ್ಳಿಯ ಕೆರೆಯನ್ನು ಬಲ್ಲವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ರೆಸಿಸ್ಟರು ಕೆರೆಯ ತೂಬು. ಎಷ್ಟೇ ನೀರಿದ್ದರೂ ಗದ್ದೆಗೆ ಹರಿಯುವುದನ್ನು ಅದು ಒಂದು ಅಳತೆಗೆ ನಿಲ್ಲಿಸುತ್ತದೆ. ಝೀನರ್ ಡಯೋಡು ಕೆರೆಯ ಕೋಡಿ. ನೀರು ನಿಗದಿಯಾದ ಮಟ್ಟವನ್ನು ಮೀರಿದೊಡನೆ ಹೆಚ್ಚಾದುದೆಲ್ಲ ಅತ್ತ ಹರಿದು ಭೂಮಿಯನ್ನು ಸೇರುತ್ತದೆ. ಹೊಳೆಯೇ ನುಗ್ಗಿ ಬಂದಂತೆ, ಎಲ್ಲೋ ತಪ್ಪಾಗಿ 230 ವೋಲ್ಟಿನ ತಂತಿಯೇ ಬಂದು ತಗುಲಿದರೆ, ಕೋಡಿಯು ಕೊಚ್ಚಿಹೋಗುವ ಮುನ್ನವೇ ಫ್ಯೂಸು ಸುಟ್ಟು ದಾರಿಯನ್ನು ಕಡಿದುಬಿಡುತ್ತದೆ. ಝೀನರುಗಳಲ್ಲಿ ಒಂದು ಕೆಟ್ಟರೆ ಇನ್ನೊಂದು ಇರಲೆಂದು ಒಂದಕ್ಕಿಂತ ಹೆಚ್ಚನ್ನೇ ಜೋಡಿಸಿರುತ್ತಾರೆ. ಸೊನ್ನೆಯ ವಲಯದ ಮಂಡಲವು ಎರಡು ದೋಷಗಳು ಒಟ್ಟಿಗೇ ಬಂದರೂ ಸುರಕ್ಷಿತವಾಗಿ ಉಳಿಯತಕ್ಕದ್ದೆಂಬುದು ನಿಯಮ.

ಬಹುಕಾಲದಿಂದ ಬಳಕೆಯಲ್ಲಿರುವ ಒಂದು ಬ್ಯಾರಿಯರಿನ ಅಳತೆ ಹೀಗಿದೆ: ಗರಿಷ್ಠ 28 ವೋಲ್ಟ್, 300 ಓಮ್, ಆದ್ದರಿಂದ ತಂತಿಗಳು ನೇರವಾಗಿ ಒಂದಕ್ಕೊಂದು ತಗುಲಿದರೂ 93 ಮಿಲಿಆಂಪಿಯರಿಗಿಂತ ಹೆಚ್ಚು ಕರೆಂಟು ಹರಿಯಲಾರದು, ಆಚೆಗೆ ದಾಟಬಲ್ಲ ಶಕ್ತಿ ಮುಕ್ಕಾಲು ವಾಟಿಗೂ ಕಡಿಮೆ. ನಮ್ಮ ಮೊಬೈಲಿನ ಚಾರ್ಜರು ಇದರ ಹಲವು ಪಟ್ಟು ಕೊಡುತ್ತದೆ. ಇಷ್ಟು ಬಡತನದಲ್ಲಿ ಉಪಕರಣಗಳು ಬದುಕುವುದು ಹೇಗೆಂದರೆ, ಒತ್ತಡವನ್ನೋ ಉಷ್ಣತೆಯನ್ನೋ ಅಳೆದು ತಿಳಿಸುವ ಟ್ರಾನ್ಸ್‌ಮಿಟರಿನ ಭಾಷೆಯೇ 4ರಿಂದ 20 ಮಿಲಿಆಂಪಿಯರು. ಸೊನ್ನೆಯ ಅಳತೆಗೆ ನಾಲ್ಕನ್ನು ಗೊತ್ತುಮಾಡಿದ್ದರಲ್ಲಿ ಒಂದು ಜಾಣತನವಿದೆ: ಒತ್ತಡ ಸೊನ್ನೆಯಾದರೆ ನಾಲ್ಕು ಬರುತ್ತದೆ, ಏನೂ ಬಾರದಿದ್ದರೆ ತಂತಿಯೇ ಕಡಿದಿದೆಯೆಂದು ಅರ್ಥ. ಹೀಗಿರುವುದರಿಂದ ಅಂತಸ್ಸುರಕ್ಷಿತ ಮಂಡಲವನ್ನು, ಫ್ಲೇಮ್‌ಪ್ರೂಫ್ ಪೆಟ್ಟಿಗೆಯಂತಲ್ಲದೆ, ಕರೆಂಟಿರುವಾಗಲೇ ತೆರೆದು ಪರಿಶೀಲಿಸಬಹುದು; ಕಾರ್ಖಾನೆ ನಿಲ್ಲಿಸಬೇಕಾಗಿಲ್ಲ. ಆದರೆ ಕೇಬಲ್ಲು ತಾನೇ ಶಕ್ತಿಯನ್ನು ಕೂಡಿಡುವ ವಸ್ತುವಾದುದರಿಂದ, ಅದರ ಉದ್ದಕ್ಕೂ ಒಂದು ಲೆಕ್ಕವಿದೆ. ಉಪಕರಣವು ಬಿಸಿಯಾಗುವುದಕ್ಕೂ ಒಂದು ಲೆಕ್ಕವಿದೆ.

ಇಷ್ಟೆಲ್ಲ ಇದ್ದೂ ಈ ವ್ಯವಸ್ಥೆಯು ಸೋಲುವುದು ಎಲ್ಲಿ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೆಸರು ಹೇಳಬೇಕಾಗಿಲ್ಲದ ಒಂದು ಕಾರ್ಖಾನೆಯಲ್ಲಿ, ಒಂದು ಮಧ್ಯಾಹ್ನ ಪ್ಯಾನೆಲ್ಲಿನ ಬಾಗಿಲು ತೆರೆದಾಗ, ಬ್ಯಾರಿಯರುಗಳ ಸಾಲಿನಲ್ಲಿ ಒಂದರ ಈ ಬದಿಯ ತಿರುಪಿನಿಂದ ಆ ಬದಿಯ ತಿರುಪಿಗೆ ಗೇಣುದ್ದದ ಕೆಂಪು ತಂತಿಯೊಂದು ಕಮಾನಿನಂತೆ ಬಾಗಿ ನಿಂತಿತ್ತು. ಒಳಗೆ ಫ್ಯೂಸು ಸುಟ್ಟಿತ್ತು. ಅದು ಬದಲಾಯಿಸಲಾಗದಂತೆ ಅಂಟಿನಲ್ಲಿ ಮುಚ್ಚಿದ ಫ್ಯೂಸು, ಇಡೀ ಬ್ಯಾರಿಯರನ್ನೇ ಹೊಸದು ಹಾಕಬೇಕು. ಪಕ್ಕದಲ್ಲಿದ್ದ ಎಳೆಯ ಹುಡುಗನನ್ನು ಕೇಳಿದೆ. "ಸ್ಪೇರ್ ಇರಲಿಲ್ಲ ಸಾರ್. ಪ್ರೊಡಕ್ಷನ್ನಿನವರು ಪ್ಲಾಂಟ್ ನಿಲ್ಲಿಸೋಕೆ ಬಿಡಲಿಲ್ಲ. ಸ್ಪೇರ್ ಬರೋ ತನಕ ಅಂತ ಹಾಕಿದ್ದು," ಎಂದನು. "ಯಾವಾಗ ಹಾಕಿದ್ದಪ್ಪಾ?" ಎಂದೆ. "ಯುಗಾದಿಗೆ ಮುಂಚೆ ಸಾರ್." ಆಗ ದೀಪಾವಳಿ ಹತ್ತಿರವಾಗಿತ್ತು. ಅಷ್ಟು ತಿಂಗಳೂ ಅಳತೆ ಸರಿಯಾಗಿಯೇ ಬರುತ್ತಿತ್ತು. ಪರದೆಯ ಮೇಲೆ ಅಂಕಿ ಕುಣಿಯುತ್ತಿತ್ತು. ಯಾರಿಗೂ ಏನೂ ಕೊರತೆ ಕಾಣಲಿಲ್ಲ. ಬೆಳಕು ಕೆಟ್ಟರೆ ಕತ್ತಲಾಗುತ್ತದೆ, ಪಂಪು ಕೆಟ್ಟರೆ ನೀರು ನಿಲ್ಲುತ್ತದೆ. ಸುರಕ್ಷತೆ ಕೆಟ್ಟರೆ ಮಾತ್ರ ಏನೂ ಆಗುವುದಿಲ್ಲ, ಆಗುವ ದಿನದವರೆಗೆ. ನಾನು ಆ ಹುಡುಗನ ಮೇಲೆ ರೇಗಲಿಲ್ಲ. ಹತ್ತು ಬ್ಯಾರಿಯರುಗಳನ್ನು ಉಗ್ರಾಣದಲ್ಲಿ ಇಡಿಸದ ಹಿರಿಯರ ಮೇಲೆ ರೇಗಿದೆ. ಆ ಹಿರಿಯರಲ್ಲಿ ನಾನೂ ಒಬ್ಬನಾಗಿದ್ದೆನು.

ಅರ್ಥಿಂಗಿನ ಕಥೆಯೂ ಹೀಗೆಯೇ. ಕೋಡಿಯ ನೀರು ಹರಿದುಹೋಗುವ ಹಳ್ಳವೇ ಮುಚ್ಚಿಹೋದರೆ ಕೋಡಿಯಿಂದೇನು ಫಲ? ಬ್ಯಾರಿಯರಿನಿಂದ ಅರ್ಥಿಗೆ ಹೋಗುವ ದಾರಿಯ ರೋಧವು ಒಂದು ಓಮಿಗಿಂತ ಕಡಿಮೆಯಿರತಕ್ಕದ್ದು. ತುಕ್ಕು ಹಿಡಿದ ಒಂದು ನಟ್ಟು ಈ ಕಟ್ಟಳೆಯನ್ನು ಮುರಿಯಲು ಸಾಕು. ನೀಲಿಯ ಕೇಬಲ್ಲನ್ನು ಇತರ ಕೇಬಲ್ಲುಗಳ ಜೊತೆ ಒಂದೇ ಜಂಕ್ಷನ್ ಬಾಕ್ಸಿಗೆ ತುರುಕಿದರೂ ಅಷ್ಟೆ.

ಕಾಶಿಯಲ್ಲಿ ಮೀಥೇನಿರುವುದು ನಮೋ ಘಾಟಿನಲ್ಲಿ ಮಾತ್ರವಲ್ಲ. 1986ರ ಜೂನ್ 14ರಂದು ಈ ನಗರದ ರಾಜೇಂದ್ರ ಪ್ರಸಾದ್ ಘಾಟಿನಲ್ಲಿ ಉದ್ಘಾಟನೆಯಾದ ಗಂಗಾ ಕಾರ್ಯಯೋಜನೆಯಿಂದ ದೀನಾಪುರದಲ್ಲಿ ಕೊಳಚೆನೀರನ್ನು ಶುದ್ಧಿಮಾಡುವ ಸ್ಥಾವರ ಎದ್ದಿತು. 2018ರ ನವೆಂಬರಿನಲ್ಲಿ ಅಲ್ಲಿಯೇ ದಿನಕ್ಕೆ 14 ಕೋಟಿ ಲೀಟರಿನ ಇನ್ನೊಂದು ಸೇರಿತು. ಕೆಸರನ್ನು ಮುಚ್ಚಿದ ಡೈಜೆಸ್ಟರುಗಳಲ್ಲಿ ಕೊಳೆಯಿಸಿದಾಗ ಏಳುವ ಜೈವಿಕ ಅನಿಲದಲ್ಲಿ ಹೆಚ್ಚಿನ ಪಾಲು ಇದೇ ಮೀಥೇನ್. ಅಲ್ಲಿನ ಮಟ್ಟಮಾಪಕಗಳೂ ಅನಿಲಶೋಧಕಗಳೂ ಇದೇ ಸಂಯಮದ ತಂತಿಯನ್ನು ನೆಚ್ಚಿಕೊಂಡಿರತಕ್ಕವು. ನಗರದಡಿಯ ಹಳೆಯ ಒಳಚರಂಡಿಗಳಲ್ಲೂ ಅನಿಲ ಕೂಡುತ್ತದೆ. ಆ ಬಾವಿಗಳಿಗೆ ಇಳಿಸಲ್ಪಡುವ ಮನುಷ್ಯನಿಗೆ ಮೊದಲು ಉಸಿರುಗಟ್ಟಿಸುವ ವಿಷಾನಿಲ, ಆಮೇಲೆ ಉರಿಯುವ ಅನಿಲ. ಅಂತಸ್ಸುರಕ್ಷಿತವಾದ ಒಂದು ಅನಿಲಶೋಧಕವು ಅಂಗೈಯಗಲದ ವಸ್ತು. ಅದನ್ನು ಇಳಿಬಿಟ್ಟು ನೋಡದೆ ಮನುಷ್ಯನನ್ನು ಇಳಿಸುವುದು, ಮನುಷ್ಯನನ್ನು ಇಳಿಸುವುದೇ ನಿಷಿದ್ಧವಾಗಿರುವ ಈ ದೇಶದಲ್ಲಿ, ಕ್ಷಮೆಗೆ ಅರ್ಹವಲ್ಲದ ಅಪರಾಧವೆಂದೇ ನನ್ನ ಅಭಿಪ್ರಾಯ.

ಈಗ ಬೆಂಗಳೂರಿನ, ಮಂಗಳೂರಿನ ಮನೆಗಳಿಗೂ ಕೊಳವೆಯ ಅನಿಲ ಬರುತ್ತಿದೆ. ಮನೆಯಲ್ಲಿ ಬ್ಯಾರಿಯರ್ ಇಲ್ಲ. ಗೋಡೆಯ ಮೇಲಿನ ಸ್ವಿಚ್ಚಿನಲ್ಲಿ ಹಾರುವ ಕಿಡಿಗೆ ಯಾವ ಮಿತಿಯೂ ಇಲ್ಲ. ಆದುದರಿಂದ ಅನಿಲದ ವಾಸನೆ ಬಂದ ಮನೆಯಲ್ಲಿ ದೀಪ ಹಾಕಬೇಡಿ. ಉರಿಯುತ್ತಿರುವ ದೀಪವನ್ನು ಆರಿಸಲೂಬೇಡಿ, ಏಕೆಂದರೆ ಸೆಂಗೆನಿಥ್ ಗಣಿಯಲ್ಲಿದ್ದಂಥ ಗಂಟೆಗಳಲ್ಲಿ ಕಿಡಿಯು ಬಲವಾಗಿ ಹಾರುತ್ತಿದ್ದುದು ತಂತಿಗಳನ್ನು ಬಿಡಿಸುವಾಗ. ಕರೆಗಂಟೆಯನ್ನೂ ಫೋನನ್ನೂ ಮುಟ್ಟಬೇಡಿ. ಕವಾಟವನ್ನು ಮುಚ್ಚಿ, ಕಿಟಕಿಬಾಗಿಲುಗಳನ್ನು ತೆರೆದು, ಎಲ್ಲರನ್ನೂ ಹೊರಗೆ ಕರೆತಂದು, ದೂರ ನಿಂತು ಕರೆಮಾಡಿ. ಮತ್ತು ಈ ಬರಹವನ್ನು ಓದುತ್ತಿರುವವರಲ್ಲಿ ಯಾರಾದರೂ ಪ್ಯಾನೆಲ್ಲಿನ ಮುಂದೆ ತಿರುಪುಳಿ ಹಿಡಿದು ನಿಲ್ಲುವ ತರುಣರಿದ್ದರೆ, ಸುಟ್ಟ ಬ್ಯಾರಿಯರಿನ ಮೇಲೆ ತಂತಿ ಎಳೆಯಿರೆಂದು ಎಷ್ಟು ದೊಡ್ಡವರು ಹೇಳಿದರೂ, ದಯಮಾಡಿ ಎಳೆಯಬೇಡಿ.